ಹಸಿರನ್ನು ನಂಬಿ ಪೊಟ್ಯಾಷ್ ಮರೆತಿದ್ದೆ

ಭತ್ತ ಕೊಯ್ದ ಗದ್ದೆಯಲ್ಲೇ ಗೋಧಿ ಬಿತ್ತುವ ಪದ್ಧತಿಯನ್ನು ನಾನು ಹಲವು ವರ್ಷಗಳಿಂದ ಅನುಸರಿಸುತ್ತಿದ್ದೇನೆ. ಮೊದಮೊದಲು ಎಲೆ ಸ್ವಲ್ಪ ಮಂಕಾಗಿ ಕಂಡರೂ ಯೂರಿಯಾ ಎರಚುತ್ತಿದ್ದೆ. ವಾರದೊಳಗೆ ಪೈರು ಕಡುಹಸಿರಾಗುತ್ತಿದ್ದುದರಿಂದ ಬೆಳೆಗೆ ಬೇಕಾದುದೆಲ್ಲ ಸಿಕ್ಕಿತೆಂದು ನಂಬಿದ್ದೆ. ಆದರೆ ಕಾಳು ಬಲಿಯುವ ಹೊತ್ತಿಗೆ ಭತ್ತ ನೆಲಕ್ಕೊರಗುತ್ತಿತ್ತು, ಬುಡದಲ್ಲಿ ಕಂದು ಜಿಗಿಹುಳು ಸೇರಿಕೊಳ್ಳುತ್ತಿತ್ತು, ತೂರುವಾಗ ಜೊಳ್ಳು ಹೆಚ್ಚಾಗಿ ಹಾರುತ್ತಿತ್ತು. ಇದಕ್ಕೆಲ್ಲ ತಳಿಯೂ ಹವಾಮಾನವೂ ಕಾರಣವೆಂದು ಭಾವಿಸಿ ಮೂರು ಹಂಗಾಮುಗಳನ್ನು ಕಳೆದುಕೊಂಡೆ.

ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದೆ. ಬದು, ತಿಪ್ಪೆಯ ಜಾಗ ಮತ್ತು ಮರದ ನೆರಳನ್ನು ಬಿಟ್ಟು, ಗದ್ದೆಯಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಕಳುಹಿಸಿದೆ. ಪ್ರತಿ ಬೆಳೆಗೂ ರಂಜಕ ಮತ್ತು ಸಾರಜನಕವಿರುವ ಡಿಎಪಿ ಗೊಬ್ಬರ ಹಾಕುತ್ತಿದ್ದ ನನ್ನ ಮಣ್ಣಿನಲ್ಲಿ ರಂಜಕ ಸಾಕಷ್ಟಿತ್ತು. ಪೊಟ್ಯಾಷ್ ಮತ್ತು ಸತು ಕಡಿಮೆಯಿದ್ದವು.

ವರದಿಯಲ್ಲಿದ್ದುದನ್ನು ಕಣ್ಣಾರೆ ನೋಡಬೇಕೆನಿಸಿ, ಮುಂದಿನ ಭತ್ತದಲ್ಲಿ ಗದ್ದೆಯ ಒಂದು ಭಾಗವನ್ನು ಐದು ಪಟ್ಟಿಗಳಾಗಿ ಮಾಡಿಕೊಂಡೆ. ಒಂದಕ್ಕೆ ಎಲ್ಲ ಪೋಷಕಾಂಶಗಳನ್ನೂ ಕೊಟ್ಟು, ಉಳಿದ ನಾಲ್ಕರಲ್ಲಿ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್, ಸತು ಇವುಗಳಲ್ಲಿ ಒಂದೊಂದನ್ನು ಮಾತ್ರ ಬಿಟ್ಟೆ. ನೀರಿನೊಂದಿಗೆ ಗೊಬ್ಬರ ಪಕ್ಕದ ಪಟ್ಟಿಗೆ ಹರಿಯಬಾರದೆಂದು ನಡುವೆ ಗಟ್ಟಿಯಾದ ಬದು ಹಾಕಿದ್ದೆ. ಅದು ಸಡಿಲವಾದರೆ ಪ್ರಯೋಗವೇ ವ್ಯರ್ಥ.

ಸಾರಜನಕವಿಲ್ಲದ ಪಟ್ಟಿ ಬೇಗನೆ ಹಳದಿಯಾಯಿತು, ಅದು ನಿರೀಕ್ಷಿತವೇ. ಸತು ಇಲ್ಲದ ಪಟ್ಟಿಯಲ್ಲಿ ನಾಟಿಯಾದ ಮೂರನೆಯ ವಾರದಲ್ಲಿ ಎಲೆಗಳ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿ ಪೈರು ಗಿಡ್ಡಾಯಿತು. ನನ್ನನ್ನು ಬೆಚ್ಚಿಬೀಳಿಸಿದ್ದು ಪೊಟ್ಯಾಷ್ ಇಲ್ಲದ ಪಟ್ಟಿ. ತೆಂಡೆ, ಅಂದರೆ ಬುಡದಿಂದ ಹೊಸ ಕವಲು, ಒಡೆಯುವ ಕಾಲದಲ್ಲಿ ಅದು ಎಲ್ಲ ಗೊಬ್ಬರ ಪಡೆದ ಪಟ್ಟಿಯಷ್ಟೇ ಹಸಿರಾಗಿತ್ತು. ನಂತರವಷ್ಟೇ ಕೆಳಗಿನ ಹಳೆಯ ಎಲೆಗಳ ತುದಿ ಮತ್ತು ಅಂಚುಗಳು ಕಂದಾಗಿ ಒಣಗಿದವು, ಕಾಂಡ ಸೊರಗಿತು, ಕೊಯ್ಲಿನಲ್ಲಿ ಜೊಳ್ಳು ಹೆಚ್ಚಾಯಿತು. ಇಷ್ಟು ವರ್ಷ ನನ್ನ ಇಡೀ ಗದ್ದೆ ಹೀಗೆಯೇ ಇತ್ತೆಂಬುದು ಆಗ ಅರಿವಾಯಿತು.

ಈ ಕೊರತೆಯ ಮೂಲ ಹುಲ್ಲಿನಲ್ಲಿತ್ತು. ಭತ್ತ ಹೀರಿದ ಪೊಟ್ಯಾಸಿಯಂನ (ಪೊಟ್ಯಾಷ್ ಗೊಬ್ಬರ ಕೊಡುವ ಪೋಷಕಾಂಶ) ಬಹುಪಾಲು ಕಾಳಿಗೆ ಹೋಗದೆ ಹುಲ್ಲಿನಲ್ಲೇ ಉಳಿಯುತ್ತದೆ. ಒಂದು ಟನ್ ಹುಲ್ಲಿನಲ್ಲಿ ಸುಮಾರು 12ರಿಂದ 17 ಕಿಲೋ ಇರುತ್ತದೆ. ಎರಡೂ ಬೆಳೆಗಳ ಹುಲ್ಲನ್ನು ಪೂರ್ತಿ ಹೊರಗೆ ಸಾಗಿಸುತ್ತಿದ್ದ ನಾನು, ಬದಲಿಗೆ ಮಣ್ಣಿಗೆ ಕೊಟ್ಟದ್ದು ಯೂರಿಯಾ ಮತ್ತು ಡಿಎಪಿ ಮಾತ್ರ. ಈಗ ದನಗಳಿಗೆ ಬೇಕಾದಷ್ಟನ್ನು ತೆಗೆದು, ಉಳಿದ ಹುಲ್ಲನ್ನು ಸುಡದೆ ಗದ್ದೆಗೇ ಸೇರಿಸುತ್ತೇನೆ.

ರಂಜಕವಿಲ್ಲದ ಪಟ್ಟಿಯಲ್ಲಿ ಭತ್ತಕ್ಕೆ ಕೊರತೆಯೇ ಕಾಣಲಿಲ್ಲ. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ, ಕಬ್ಬಿಣಕ್ಕೆ ಅಂಟಿಕೊಂಡ ರಂಜಕ ಬಿಡುಗಡೆಯಾಗಿ ಬೇರಿಗೆ ದೊರೆಯುತ್ತದೆ. ಗದ್ದೆ ಒಣಗಿದಾಗ ಅದು ಮತ್ತೆ ಬಿಗಿಯಾಗುವುದರಿಂದ ಗೋಧಿಗೆ ಹೊರಗಿನಿಂದ ಕೊಡಬೇಕಾಗುತ್ತದೆ. ಆದ್ದರಿಂದ ಡಿಎಪಿಯನ್ನು ಗೋಧಿಗೆ ಮೀಸಲಿಟ್ಟು, ಮಣ್ಣಿನಲ್ಲಿ ರಂಜಕ ಸಾಕಷ್ಟಿರುವವರೆಗೆ ಭತ್ತಕ್ಕೆ ಅದನ್ನು ಕೈಬಿಟ್ಟಿದ್ದೇನೆ.

ಗೋಧಿಗೆ ಹೆಕ್ಟೇರಿಗೆ 120 ಕಿಲೋ ಸಾರಜನಕ, 60 ಕಿಲೋ ರಂಜಕ, 40 ಕಿಲೋ ಪೊಟ್ಯಾಷ್ ಎಂಬ ಶಿಫಾರಸನ್ನು ಆಧಾರವಾಗಿಟ್ಟುಕೊಂಡೆ. 130 ಕಿಲೋ ಡಿಎಪಿಯಲ್ಲಿ ಬೇಕಾದ ರಂಜಕದ ಜೊತೆಗೆ ಸುಮಾರು 23 ಕಿಲೋ ಸಾರಜನಕವೂ ಬರುತ್ತದೆ. ಇದನ್ನು ಕಳೆಯದಿದ್ದರೆ ಯೂರಿಯಾ ಅತಿಯಾಗುತ್ತದೆ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿರುವುದರಿಂದ ಉಳಿದ 97 ಕಿಲೋಗೆ 210 ಕಿಲೋ ಸಾಕು. ಪೊಟ್ಯಾಷಿಗೆ 67 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರ ಬೇಕು. ಡಿಎಪಿಯನ್ನೂ ಪೊಟ್ಯಾಷನ್ನೂ ಬಿತ್ತನೆಯಲ್ಲಿ ಕೊಟ್ಟು, ಕಾಂಡದ ಬುಡದಿಂದ ಹೊರಡುವ ಕಿರೀಟ ಬೇರು ಮೂಡುವ ಸುಮಾರು 21ನೆಯ ದಿನದ ಮೊದಲ ನೀರಿನೊಂದಿಗೆ ಯೂರಿಯಾದ ಅರ್ಧವನ್ನೂ ಎರಡನೆಯ ನೀರಿನೊಂದಿಗೆ ಉಳಿದದ್ದನ್ನೂ ಹಾಕುತ್ತೇನೆ. ಸತುವಿನ ಸಲ್ಫೇಟನ್ನು ಡಿಎಪಿಯೊಂದಿಗೆ ಬೆರೆಸುವುದಿಲ್ಲ. ಬೆರೆಸಿದರೆ ಸತು ಕರಗದ ರೂಪಕ್ಕೆ ತಿರುಗುತ್ತದೆ.

ಭತ್ತಕ್ಕೆ ಯೂರಿಯಾ ಕೊಡುವಾಗ ಎಲೆಯ ಹಸಿರನ್ನು ಹೋಲಿಸಲು ಹಸಿರಿನ ಹಲವು ಛಾಯೆಗಳಿರುವ ಬಣ್ಣದ ಪಟ್ಟಿ ಹಿಡಿದು ನೋಡುತ್ತೇನೆ. ಏಳರಿಂದ ಹತ್ತು ದಿನಗಳಿಗೊಮ್ಮೆ, ನನ್ನ ನೆರಳಿನಲ್ಲಿ, ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಗಳನ್ನು ಹತ್ತು ಬುಡಗಳಲ್ಲಿ ಹೋಲಿಸಿ, ಆರು ಅಥವಾ ಅದಕ್ಕಿಂತ ಹೆಚ್ಚು ಎಲೆಗಳು ತಳಿಗೆ ಹೇಳಿದ ಬಣ್ಣಕ್ಕಿಂತ ತೆಳುವಾಗಿದ್ದರೆ ಮಾತ್ರ ಗೊಬ್ಬರ ಕೊಡುತ್ತೇನೆ. ಅದೂ ನೀರನ್ನು ತಗ್ಗಿಸಿ, ಇಬ್ಬನಿ ಆರಿದ ಮೇಲೆ.

ಈಗಲೂ ಪ್ರತಿ ಭತ್ತದ ಬೆಳೆಯಲ್ಲಿ ಒಂದು ಪಟ್ಟಿಯನ್ನು ಪೊಟ್ಯಾಷ್ ಹಾಕದೆ ಬಿಡುತ್ತೇನೆ. ಹುಲ್ಲು ಸೇರಿಸತೊಡಗಿದ ಮೇಲೆ ಅಲ್ಲಿಯೂ ಎಲೆಯ ಅಂಚು ಒಣಗುವುದು ಮೊದಲಿಗಿಂತ ತಡವಾಗುತ್ತಿದೆ.