ಹಳೇ ರೇಸಿಂಗ್ ಸೈಕಲ್‌ಗೆ ಏರು ಹತ್ತುವ ಗೇರ್: ಫ್ರೀವೀಲ್ ಬಿಚ್ಚುವುದೇ ಮುಕ್ಕಾಲು ಕೆಲಸ

ಆಷಾಢದ ಗಾಳಿಗೆ ಎದುರಾಗಿ ದುರ್ಗದ ಸುತ್ತ ಸೈಕಲ್ ತುಳಿದವರಿಗೆ ಗೊತ್ತು, ಇಲ್ಲಿ ಸಮತಟ್ಟು ರಸ್ತೆಯೂ ಏರೇ. ಜೋಗಿಮಟ್ಟಿ ಹತ್ತುವುದಂತೂ ಬೇರೆಯದೇ ಮಾತು. ಬಾಗಿದ ಹ್ಯಾಂಡಲ್‌ನ ಹಳೇ ರೇಸಿಂಗ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಪೆಡಲ್ ಬಳಿಯ ಎರಡು ಹಲ್ಲುಚಕ್ರಗಳಿಗೆ 52 ಮತ್ತು 42 ಹಲ್ಲು, ಹಿಂದಿನ ಹಲ್ಲುಚಕ್ರಗಳಿಗೆ 14ರಿಂದ 24 ಹಲ್ಲು ಇರುತ್ತವೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ನೋಡಿ: 42ಕ್ಕೆ 24 ಅಂದರೆ 1.75. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದೂಮುಕ್ಕಾಲು ಸುತ್ತು. ಅದರ ಅತಿ ಹಗುರ ಗೇರೇ ಇದು, ಮಂಡಿ ನೋಯದೆ ಇರುತ್ತದೆಯೇ! ಹಿಂದೆ 28 ಹಲ್ಲು ಕೂರಿಸಿದರೆ ಇದೇ ಲೆಕ್ಕ 1.5ಕ್ಕೆ ಇಳಿಯುತ್ತದೆ, 34 ಕೂರಿಸಿದರೆ 1.24ಕ್ಕೆ. ಹಾಗಾಗಿ ಮೊದಲು ಕೈ ಹಾಕಬೇಕಾದ್ದು ಹಿಂದಿನ ಫ್ರೀವೀಲ್‌ಗೆ, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲಿಗೆ. ಸ್ಟೀಲ್ ಫ್ರೇಮಿನ ಒಳ್ಳೇ ಸೈಕಲನ್ನು ಗೇರ್ ಭಾರ ಅಂತ ಗುಜರಿಗೆ ಹಾಕುವುದು ಅನ್ಯಾಯ.

ಮೊದಲು ಅಳತೆ. ಚಕ್ರ ತೆಗೆದು, ಅದು ಕೂರುವ ಎರಡು ಪಟ್ಟಿಗಳ ಒಳ ಅಂತರ ನೋಡಿ. 126 ಮಿ.ಮೀ. ಇದ್ದರೆ ಆರು ಅಥವಾ ಏಳು ಗೇರಿನ ಫ್ರೀವೀಲ್ ಹಿಡಿಯುತ್ತದೆ. 120 ಇದ್ದರೆ ಐದು ಗೇರಿನದನ್ನೇ ಹುಡುಕಿ. ಶಿಮಾನೊದ ಏಳು ಗೇರಿನ ಫ್ರೀವೀಲ್ 14–28ರಲ್ಲೂ 14–34ರಲ್ಲೂ ಸಿಗುತ್ತದೆ. ಹೆಸರಿಲ್ಲದ ಅಗ್ಗದ ಮಾಲು ಕೊಳ್ಳುವ ಮುನ್ನ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ತಿರುಗಿಸಿ. ಸ್ವಲ್ಪ ಓಲಾಟ ಸಹಜ. ಕಣ್ಣಿಗೆ ರಾಚುವಷ್ಟು ಓಲಾಡಿದರೆ, ಒಳಗೆ ಕರಕರ ಅಂದರೆ, ಎಷ್ಟೇ ಅಗ್ಗವಾದರೂ ಬೇಡ.

ಇನ್ನು ಬಿಚ್ಚುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಫ್ರೀವೀಲ್ ಚಕ್ರದ ನಡುವಿನ ಹಬ್‌ನ ಥ್ರೆಡ್ ಮೇಲೆ ಕೂತಿರುತ್ತದೆ, ತುಳಿದಷ್ಟೂ ಬಿಗಿಯಾಗುತ್ತದೆ. ಮೂವತ್ತು ವರ್ಷದ ಏರುಗಳ ಬಿಗಿ ಒಂದು ಪಾನಕ್ಕೆ ಬಗ್ಗುವುದಿಲ್ಲ. ಆಗ ಜನ ಸುತ್ತಿಗೆ, ಚಾಣ ತರುತ್ತಾರೆ. ಹೊರಗೆ ಕಾಣುವ, ಎರಡು ಸಣ್ಣ ತೂತಿರುವ ಬಿಲ್ಲೆಗೆ ಚಾಣ ಇಟ್ಟು ಹೊಡೆಯುತ್ತಾರೆ. ಆ ಬಿಲ್ಲೆಯ ಥ್ರೆಡ್ ಉಲ್ಟಾ. ಅದು ಬಿಚ್ಚಿಕೊಂಡರೆ ಒಳಗಿನ ಸಾಸಿವೆಯಂಥ ಗುಂಡುಗಳೆಲ್ಲ ನೆಲದ ಪಾಲು, ಫ್ರೀವೀಲ್‌ನ ತಿರುಳು ಮಾತ್ರ ಹಬ್‌ಗೆ ಕಚ್ಚಿಕೊಂಡೇ ಉಳಿಯುತ್ತದೆ. ಇನ್ನು ಕೆಲವರು ರಿಮ್ ಬದಲಿಸುವ ಆತುರದಲ್ಲಿ ಮೊದಲೇ ಕಡ್ಡಿಗಳನ್ನು ಕತ್ತರಿಸುತ್ತಾರೆ. ಕಡ್ಡಿ ಹೋದ ಮೇಲೆ ಹಬ್ಬನ್ನು ಯಾವುದರಿಂದ ಹಿಡಿದು ತಿರುಗಿಸುತ್ತೀರಿ? ಫ್ರೀವೀಲ್ ಬಿಚ್ಚುವವರೆಗೂ ಕಡ್ಡಿ ಮುಟ್ಟಬಾರದು.

ಸರಿಯಾದ ದಾರಿ ಇದು. ಫ್ರೀವೀಲ್‌ನ ನಡುವೆ ಇಣುಕಿ: ಒಳಗೆ ಹನ್ನೆರಡು ಗೀರುಗಳಿದ್ದರೆ ಶಿಮಾನೊ ರಿಮೂವರ್ (ಫ್ರೀವೀಲ್ ಬಿಚ್ಚುವ ಸಾಮಾನು) ಬೇಕು. ಎರಡೋ ನಾಲ್ಕೋ ಕಚ್ಚುಗಳಿದ್ದರೆ ಹಳೇ ಸನ್‌ಟೂರ್ ಕಂಪನಿಯದು ಇರಬಹುದು, ಅದರ ರಿಮೂವರ್ ಬೇರೆ. ಹತ್ತಿರಹತ್ತಿರ ಕೂತಿತು ಅಂತ ಹಾಕಬೇಡಿ, ಕಚ್ಚು ಸವೆದರೆ ಮುಂದೆ ದಾರಿಯೇ ಇಲ್ಲ. ಮೆತ್ತನೆ ಕಬ್ಬಿಣದ ಅಗ್ಗದ ರಿಮೂವರ್ ಕೂಡ ಮೊದಲ ಜಗ್ಗಿಗೇ ಅಂಚು ಮಡಚಿಕೊಳ್ಳುತ್ತದೆ, ಈ ಒಂದು ಸಾಮಾನಿಗೆ ದುಡ್ಡು ನೋಡಬೇಡಿ. ಹಿಂದಿನ ರಾತ್ರಿಯೇ ಥ್ರೆಡ್ ಜಾಗಕ್ಕೆ ಡಬ್ಲ್ಯೂಡಿ-40 ಬಿಟ್ಟು ಚಕ್ರ ಮಲಗಿಸಿಡಿ.

ರಿಮೂವರ್ ಒಳಗಿಟ್ಟು, ಆಕ್ಸಲ್‌ನ ನಟ್ ಅನ್ನು ಅದರ ಮೇಲೆ ತಿರುಗಿಸಿ ತುಸು ಬಿಗಿ ಮಾಡಿ. ರಿಮೂವರ್ ಜಾರದಂತೆ ಹಿಡಿಯುವುದು ಈ ನಟ್, ಇದನ್ನು ಬಿಟ್ಟವರೇ ಕಚ್ಚು ಹಾಳು ಮಾಡಿಕೊಳ್ಳುವುದು. ಆಕ್ಸಲ್‌ನ ಲಾಕ್ ನಟ್ ಅಡ್ಡ ಬಂದರೆ ಮೊದಲು ಅದನ್ನು ತೆಗೆಯಿರಿ. ಆಮೇಲೆ ಗೋಡೆಗೋ ಮೇಜಿಗೋ ಗಟ್ಟಿಯಾಗಿ ಬಿಗಿದ ವೈಸ್ ಬೇಕು. ಮನೆಯಲ್ಲಿಲ್ಲದಿದ್ದರೆ ಯಾವುದಾದರೂ ಲೇತ್ ಅಂಗಡಿಗೆ ಚಕ್ರ ಒಯ್ಯಿರಿ, ಐದು ನಿಮಿಷ ಕೇಳಿದರೆ ಬೇಡ ಅನ್ನುವುದಿಲ್ಲ. ರಿಮೂವರ್ ಅನ್ನು ವೈಸ್ ಬಾಯಿಗೆ ಕಚ್ಚಿಸಿ, ಫ್ರೀವೀಲ್ ಕೆಳಮುಖವಾಗಿರಲಿ. ರಿಮ್ ಅನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನಿಂದ ನೋಡಿದಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ. ಜರ್ಕ್ ಕೊಡಬೇಡಿ, ಮೈಭಾರ ಬಿಟ್ಟು ಒಂದೇ ಸಮ ಒತ್ತಿ. ರಿಮ್‌ನಷ್ಟು ಉದ್ದದ ಹಿಡಿತ ಯಾವ ಪಾನಕ್ಕೂ ಬರುವುದಿಲ್ಲ. ಟಕ್ ಅಂದ ತಕ್ಷಣ ನಿಲ್ಲಿಸಿ ನಟ್ ಸಡಿಲಿಸಿ. ಅದನ್ನು ಹಾಗೇ ಬಿಟ್ಟು ತಿರುಗಿಸಿದರೆ ಬಿಚ್ಚಿಕೊಳ್ಳುತ್ತಿರುವ ಫ್ರೀವೀಲ್ ಆಕ್ಸಲ್ ಮೇಲೇ ಜಗ್ಗುತ್ತದೆ. ಉಳಿದದ್ದನ್ನು ಕೈಯಲ್ಲೇ ಬಿಚ್ಚಬಹುದು.

ಹೊಸದನ್ನು ಹಾಕುವುದು ಸುಲಭ: ಥ್ರೆಡ್ ಒರೆಸಿ, ಧಾರಾಳವಾಗಿ ಗ್ರೀಸ್ ಹಚ್ಚಿ, ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ಬರದಿದ್ದರೆ ಬಲವಂತ ಬೇಡ, ಓರೆಯಾಗಿ ಕೂತಿದೆ ಅಂತ ಅರ್ಥ. ಹಳೇ ಪ್ಯೂಜೊದಂಥ ಫ್ರೆಂಚ್ ಸೈಕಲ್ ಆದರೆ ಥ್ರೆಡ್ಡೇ ಬೇರೆ ಇರಬಹುದು. ಚಕ್ರ ಕೂರಿಸಿದ ಮೇಲೆ, ಅತಿ ಸಣ್ಣ ಗೇರಿನಲ್ಲಿ ಚೈನ್ ಫ್ರೇಮಿಗೆ ತಾಗುತ್ತದೆಯೇ ನೋಡಿ. ತಾಗಿದರೆ ಆಕ್ಸಲ್‌ನ ಬಲಕ್ಕೆ ತೆಳ್ಳನೆ ವಾಷರ್ ಹಾಕಿ.

ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್‌ಗೊಂದು ಮಿತಿಯಿದೆ. ಮುಂದಿನ ಎರಡರ ಅಂತರ 10, ಹಿಂದೆ 14ರಿಂದ 28ರ ಅಂತರ 14, ಒಟ್ಟು 24 ಹಲ್ಲಿನಷ್ಟು ಸಡಿಲ ಚೈನನ್ನು ಅದು ಎಳೆದುಕೊಳ್ಳಬೇಕು. 34 ಹಾಕಿದರೆ ಈ ಲೆಕ್ಕ 30ಕ್ಕೆ ಏರುತ್ತದೆ, ಆಗ ಉದ್ದ ತೋಳಿನ ಡಿರೇಲರ್ ಬೇಕೇ ಬೇಕು. ಜೋಗಿಮಟ್ಟಿ ವಾರವಾರ ಹತ್ತುವವರು ಮಾತ್ರ 34ಕ್ಕೆ ಹೋಗಿ. ದಾವಣಗೆರೆ ಕಡೆಯ ರಸ್ತೆಗಳಿಗೆ 28 ಸಾಕು. ಫ್ರೇಮಿನ ಮೇಲಿನ ಹಳೇ ಗೇರ್ ಲಿವರ್ ಮಾತ್ರ ತೆಗೆಯಬೇಡಿ. ಅದು ಕ್ಲಿಕ್ ಇಲ್ಲದೆ ಜಾರುವ ಲಿವರ್, ಐದಕ್ಕೂ ಏಳಕ್ಕೂ ಒಗ್ಗುತ್ತದೆ. ಕ್ಲಿಕ್ ಲಿವರ್ ಹಾಕಿಸಿಕೊಂಡವರು ಆಮೇಲೆ ಡಿರೇಲರ್ ಹೊಂದಾಣಿಕೆಗೆ ಅಲೆಯುತ್ತಾರೆ.

ಚೈನ್ ಹೊಸದೇ ಇರಲಿ, ಏಳು ಗೇರಿನದು. ಸವೆದ ಚೈನ್ ಹೊಸ ಹಲ್ಲನ್ನು ತಿಂದುಹಾಕುತ್ತದೆ. ಉದ್ದ ನೋಡಲು ಚೈನನ್ನು ಡಿರೇಲರ್ ಒಳಗೆ ಹಾಯಿಸದೆ, ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಸುತ್ತಿ, ತುದಿ ಕೂಡುವಲ್ಲಿಂದ ಒಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿ. ಅಂಗಡಿಯವರು ಹಳೇ ಚೈನ್ ಪಕ್ಕ ಇಟ್ಟು ಅಷ್ಟೇ ಉದ್ದಕ್ಕೆ ಕತ್ತರಿಸಲು ಹೋದರೆ ತಡೆಯಿರಿ. ಗೇರ್ ದೊಡ್ಡದಾಗಿದೆ, ಹಳೇ ಅಳತೆ ಸಾಲದು. ಡಿರೇಲರ್‌ನ ಎರಡು ಮಿತಿ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ದೊಡ್ಡ ಗೇರಿನಿಂದ ಚೈನ್ ಕಡ್ಡಿಗಳ ಮೇಲೆ ಬೀಳದಂತೆ ನಿಲ್ಲಿಸಿ. ಸೈಕಲ್ ತಲೆಕೆಳಗಿಟ್ಟು ಪರೀಕ್ಷಿಸಿದ್ದು ಸಾಲದು, ರಸ್ತೆಯಲ್ಲಿ ಭಾರ ಬಿದ್ದಾಗ ಮತ್ತೊಮ್ಮೆ ನೋಡಿ.

ಇಷ್ಟಾದರೂ ಭಾರ ಅನ್ನಿಸಿದರೆ ಮುಂದಿನದಕ್ಕೆ ಕೈ ಹಾಕಿ. ಹಳೇ ಕ್ರಾಂಕ್‌ಗಳಲ್ಲಿ (ಪೆಡಲ್ ಕೂರುವ ತೋಳು) ಹಲ್ಲುಚಕ್ರ ಬಿಗಿಯುವ ಬೋಲ್ಟ್‌ಗಳ ವೃತ್ತದ ಅಡ್ಡಳತೆ 144 ಮಿ.ಮೀ. ಇದ್ದರೆ 41 ಹಲ್ಲಿಗಿಂತ ಚಿಕ್ಕದು ಕೂರುವುದೇ ಇಲ್ಲ, ಇಡೀ ಕ್ರಾಂಕ್ ಬದಲಿಸಬೇಕು. 110 ಮಿ.ಮೀ. ವೃತ್ತದ ಕ್ರಾಂಕ್‌ಗೆ 34 ಹಲ್ಲು ಕೂರುತ್ತದೆ. ಹಿಂದೆ 28 ಇಟ್ಟುಕೊಂಡೇ ಲೆಕ್ಕ 1.21ಕ್ಕೆ ಬರುತ್ತದೆ. ಕಾಟರ್ ಪಿನ್ ಎಂಬ ಬೆಣೆಯಿಂದ ಬಿಗಿದ ಕ್ರಾಂಕ್ ಆದರೆ ಒಳಗಿನ ಆಕ್ಸಲ್ ಕೂಡ ಹೊಸದು ಬೇಕು. ಅದನ್ನು ಬಿಚ್ಚುವಾಗ ಇಂಗ್ಲಿಷ್ ಥ್ರೆಡ್ಡಿನ ಫ್ರೇಮ್‌ಗಳಲ್ಲಿ ಬಲಗಡೆಯ ಬೇರಿಂಗ್ ಕಪ್ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಮಾತ್ರ ಸಡಿಲವಾಗುತ್ತದೆ ಎಂಬುದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ.