ದುಬೈಗೆ ಹೊಸದಾಗಿ ಬಂದಿರೋ ಅಪ್ಪ ಅಮ್ಮಂದಿರಿಗೆ: ವಿಶ್ವಾಸದ ಪಾಠ ಊಟದ ಟೇಬಲ್‌ನಿಂದ್ಲೇ

ಹೊಸದಾಗಿ ಬಂದ ಕ್ರೈಸ್ತ ಕುಟುಂಬದವರು ಮೊದಲು ಕೇಳೋದು ಬಾಡಿಗೆ, ಆಮೇಲೆ ಸ್ಕೂಲ್ ಫೀಸು, ಮೂರನೇದು ಮಕ್ಕಳಿಗೆ ಸಂಡೇ ಸ್ಕೂಲ್ ಎಲ್ಲಿದೆ ಅಂತ. ಧಾರಾಳವಾಗಿದೆ. ಗ್ರೀನ್ ಲೈನ್ ಮೆಟ್ರೋದಲ್ಲಿ ಊದ್ ಮೇಥಾ ಸ್ಟೇಷನ್‌ನಲ್ಲಿ ಇಳೀರಿ, ಆ ಏರಿಯಾದಲ್ಲೇ ಹೋಲಿ ಟ್ರಿನಿಟಿ ಚರ್ಚ್ ಇದೆ, ಕ್ಯಾಥೊಲಿಕ್‌ನವರ ಸೇಂಟ್ ಮೇರೀಸ್ ಕೂಡ ಅಲ್ಲೇ, ಜೆಬೆಲ್ ಅಲಿ ಕಡೆ ಮನೆ ಸಿಕ್ಕಿದ್ರೆ ಅಲ್ಲೂ ಚರ್ಚ್‌ಗಳಿವೆ. ಒಂದೇ ಕಾಂಪೌಂಡಲ್ಲಿ ಬೇರೆ ಬೇರೆ ಭಾಷೆಯ ಸಭೆಗಳು ಹಾಲ್ ಹಂಚ್ಕೊಂಡು ಆರಾಧನೆ ಮಾಡ್ತವೆ, ಅದಕ್ಕೆ ನಿಮ್ಮ ಸಭೆ ಯಾವ ದಿನ ಎಷ್ಟು ಗಂಟೆಗೆ ಅಂತ ವಿಚಾರಿಸ್ಕೊಂಡೇ ಹೊರಡಿ. ಇಲ್ಲಿ ಮೊದ್ಲಿಂದ ಚರ್ಚು ಅಂದ್ರೆ ಶುಕ್ರವಾರ, 2022ರ ಜನವರಿಲಿ ವಾರದ ರಜೆ ಶನಿವಾರ ಭಾನುವಾರಕ್ಕೆ ಬಂತು, ಆದ್ರೂ ಶುಕ್ರವಾರ ಸೇರೋ ರೂಢಿ ಹೋಗಿಲ್ಲ.

ನಾನು ಹೇಳ್ಬೇಕಾಗಿರೋದು ಬೇರೆ. ಸಂಡೇ ಸ್ಕೂಲ್‌ಗೆ ಸೇರಿಸಿಬಿಟ್ರೆ ನಮ್ಮ ಕೆಲಸ ಮುಗೀತು ಅಂತ ಅಂದ್ಕೋಬೇಡಿ. ಅದು ವಾರಕ್ಕೆ ಒಂದು ಗಂಟೆ, ಒಂದೂವರೆ ಗಂಟೆ. ಊರಲ್ಲೂ ಅಷ್ಟೇ ಇತ್ತಲ್ಲ ಅಂತೀರಿ, ಆದ್ರೆ ಊರಲ್ಲಿ ಅದರ ಸುತ್ತ ಏನೆಲ್ಲ ಇತ್ತು ನೆನಪು ಮಾಡ್ಕೊಳಿ. ಅಜ್ಜಿ ಕಾಫಿ ಸೋಸ್ತಾ ಕೀರ್ತನೆ ಗುನುಗ್ತಿದ್ರು, ಬೀದಿಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ನಾಲ್ಕು ಜನ ಸೇರಿ ಹೋಗಿ ಪ್ರಾರ್ಥನೆ ಮಾಡಿ ಬರ್ತಿದ್ರು, ಚರ್ಚಿನ ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ್ಮೇಲೆ ಕುಂಬಳಕಾಯಿ ಬಾಳೆಗೊನೆ ಕೋಳಿ ಎಲ್ಲ ಹರಾಜು ಕೂಗ್ತಿದ್ರು, ನಮ್ಮಪ್ಪ ಒಂದು ತೆಂಗಿನಕಾಯಿಗೆ ನಾಲ್ಕರಷ್ಟು ರೇಟ್ ಕೊಟ್ಟು ತಂದಾಗ ಯಾಕಪ್ಪ ಅಂತ ಕೇಳಿದ್ದಕ್ಕೆ ಇದು ದೇವರಿಗೆ ಕೊಟ್ಟಿದ್ದು ಕಣೋ ಅಂದ್ರು, ಆ ಒಂದು ಮಾತು ನನಗೆ ಇವತ್ತಿಗೂ ನೆನಪಿದೆ. ಯಾರೂ ಕೂರಿಸ್ಕೊಂಡು ಪಾಠ ಮಾಡ್ಲಿಲ್ಲ. ಇಲ್ಲಿ ಒಂದು ಬೆಡ್‌ರೂಮ್ ಫ್ಲಾಟಲ್ಲಿ ಅಜ್ಜಿನೂ ನೀವೇ, ಬೀದಿಯವರೂ ನೀವೇ.

ಬೈಬಲಿನ ಧರ್ಮೋಪದೇಶಕಾಂಡ 6ನೇ ಅಧ್ಯಾಯ ತೆಗೆದು ನೋಡಿ, ಮನೇಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಹತ್ರ ಈ ಮಾತುಗಳನ್ನ ಆಡಿ ಅಂತಿದೆ. ನಾಲ್ಕೂ ದಿನಾ ಇರೋವೇ.

ನಾವು ಮೊದಲ ವರ್ಷ ತಪ್ಪು ಮಾಡಿದ್ವಿ. ಊರಲ್ಲಿ ಮಾಡ್ತಿದ್ದ ಹಾಗೆ ರಾತ್ರಿ ಒಂಬತ್ತಕ್ಕೆ ಅರ್ಧ ಗಂಟೆ ಕುಟುಂಬ ಪ್ರಾರ್ಥನೆ, ಎರಡು ಕೀರ್ತನೆ, ಪೂರ್ತಿ ಅಧ್ಯಾಯ. ಬೆಳಿಗ್ಗೆ ಆರೂವರೆಗೆ ಸ್ಕೂಲ್ ಬಸ್ ಹತ್ತೋ ಮಕ್ಕಳು ತೂಕಡಿಸೋವು, ನಾನು ಗದರೋದು, ಪ್ರಾರ್ಥನೆ ಅಂದ್ರೇನೇ ಬೈಸ್ಕೊಳೋ ಟೈಮ್ ಅಂತಾಗಿತ್ತು. ಈಗ ಊಟ ಆದ ತಕ್ಷಣ, ತಟ್ಟೆ ಎತ್ತೋಕೆ ಮುಂಚೆ, ಹತ್ತೇ ನಿಮಿಷ. ನಾಲ್ಕು ವಚನ, ಒಂದು ಚರಣ ಹಾಡು, ಆಮೇಲೆ ಪ್ರತಿಯೊಬ್ರೂ ಒಂದು ವಿಷ್ಯಕ್ಕೆ ದೇವರಿಗೆ ಸ್ತೋತ್ರ ಹೇಳ್ಬೇಕು, ಅಂದ್ರೆ ಥ್ಯಾಂಕ್ಸ್, ಯಾರಿಗಾದ್ರೂ ಒಬ್ರಿಗೋಸ್ಕರ ಬೇಡ್ಕೋಬೇಕು. ಒಂದಿನ ಚಿಕ್ಕವನು ಸ್ಕೂಲ್ ಬಸ್ ಆಂಟಿಯ ಅಮ್ಮನಿಗೆ ಆಪರೇಷನ್ ಅಂತ ಬೇಡ್ಕೊಂಡ. ಎರಡು ವರ್ಷದಿಂದ ದಿನಾ ನೋಡ್ತಿದ್ದ ಆ ಹೆಂಗಸಿಗೆ ಅಮ್ಮ ಇದ್ದಾರೆ ಅಂತ ಕೂಡ ನಾನು ಯೋಚ್ನೆ ಮಾಡಿರ್ಲಿಲ್ಲ. ಮಾರನೇ ದಿನ ಕೆಳಗೆ ಹೋಗಿ ವಿಚಾರಿಸಿದೆ.

ಮಕ್ಕಳು ನಮ್ಮ ಪ್ರಾರ್ಥನೆಗಿಂತ ನಮ್ಮ ಡ್ರೈವಿಂಗ್‌ನ ಜಾಸ್ತಿ ನೋಡ್ತಾರೆ. ಒಂದ್ಸಲ ಶೇಖ್ ಜಾಯೆದ್ ರೋಡಲ್ಲಿ ಬಿಳಿ ಕಾರಿನವನೊಬ್ಬ ಇಂಡಿಕೇಟರ್ ಇಲ್ದೆ ಅಡ್ಡ ಬಂದ, ನಾನು ಬಾಯಿಗೆ ಬಂದಿದ್ದು ಅಂದೆ. ಆ ರಾತ್ರಿ ಕರ್ತನ ಪ್ರಾರ್ಥನೆಲಿ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನೋ ಹತ್ರ ಮಗಳು ನಿಲ್ಲಿಸಿ, ಅಪ್ಪಾ, ಆ ಬಿಳಿ ಕಾರ್ ಅಂಕಲ್‌ನೂನಾ ಅಂದ್ಲು. ಹೌದಮ್ಮ, ಅವರನ್ನೂ, ನಾನು ಹಾಗೆ ಮಾತಾಡಿದ್ದು ತಪ್ಪು, ಕ್ಷಮಿಸು ಅಂದೆ. ಮಕ್ಕಳ ಮುಂದೆ ತಪ್ಪು ಒಪ್ಕೊಂಡ್ರೆ ನಮ್ಮ ಮರ್ಯಾದೆ ಹೋಗುತ್ತೆ ಅನ್ನೋದು ಸುಳ್ಳು, ಅವತ್ತಿಂದ ಅವಳು ತನ್ನ ತಪ್ಪನ್ನ ಮುಚ್ಚಿಡೋದು ಕಮ್ಮಿ ಮಾಡಿದ್ಲು.

ಸ್ಕೂಲ್ ವಿಷ್ಯ. ಇಸ್ಲಾಮಿಕ್ ಕ್ಲಾಸ್ ಮುಸ್ಲಿಂ ಮಕ್ಕಳಿಗೆ ಮಾತ್ರ, ಗಾಬರಿ ಬೇಡ. ಯಾರಾದ್ರೂ ಕೇಳಿದ್ರೆ ನಾವು ಯೇಸುಸ್ವಾಮಿನ ನಂಬ್ತೀವಿ ಅಂತ ನೆಮ್ಮದಿಯಾಗಿ ಹೇಳ್ಲಿ, ವಾದ ಬೇಡ, ಕರಪತ್ರ ಹಂಚೋದಂತೂ ಬೇಡವೇ ಬೇಡ, ಕಾನೂನು ಕಟ್ಟುನಿಟ್ಟು. ರಂಜಾನ್‌ನಲ್ಲಿ ಫ್ರೆಂಡ್ಸ್ ಉಪವಾಸ ಇದ್ರೆ ಅವರೆದುರು ತಿನ್ಬೇಡ ಅಂತ ಹೇಳ್ಕೊಡಿ, ಅದೂ ಪ್ರೀತಿಯ ಪಾಠಾನೇ. ಬೇಸಿಗೆಲಿ ಡೆಲಿವರಿ ಹುಡುಗರು ಬಾಗಿಲಿಗೆ ಬಂದಾಗ ಫ್ರಿಜ್ಜಿಂದ ತಣ್ಣನೆ ನೀರಿನ ಬಾಟ್ಲಿ ಮಕ್ಕಳ ಕೈಯಿಂದ ಕೊಡ್ಸಿ. ಆದ್ರೆ ಒಳ್ಳೇ ಕೆಲ್ಸ ಅಂತ ಗ್ರೂಪ್‌ನಲ್ಲಿ ದುಡ್ಡು ಕಲೆಕ್ಟ್ ಮಾಡೋಕೆ ಹೋಗ್ಬೇಡಿ, ಪರ್ಮಿಷನ್ ಇಲ್ದೆ ಅದು ಇಲ್ಲಿ ಅಪರಾಧ.

ಕ್ರಿಸ್ಮಸ್ ಇಲ್ಲಿ ಸರ್ಕಾರಿ ರಜೆ ಅಲ್ಲ, ಲೀವ್ ಮೊದಲೇ ಹಾಕ್ಕೊಳಿ. ಕಲ್‌ಕಲ್ ಅನ್ನೋ ಕ್ರಿಸ್ಮಸ್ ಸಿಹಿತಿಂಡಿ ಮಾಡೋವಾಗ ಮಕ್ಕಳ ಕೈಗೆ ಫೋರ್ಕ್ ಕೊಟ್ಟು ಹಿಟ್ಟು ಉರುಳ್ಸೋಕೆ ಕೂರಿಸಿ, ಎರಡು ಗಂಟೆ ಸಿಗುತ್ತೆ, ಬೆತ್ಲೆಹೇಮಿನ ಕಥೆ ಅಷ್ಟೂ ಹೇಳ್ಬಹುದು.

ಕನ್ನಡ ಓದೋಕೆ ಬರಲ್ಲ ಅಂತ ಪ್ರಾರ್ಥನೆನೂ ಇಂಗ್ಲಿಷಿಗೆ ಬಿಟ್ಕೊಡ್ಬೇಡಿ, ಕಿವಿಯಿಂದ ಬರುತ್ತೆ. ವಾಟ್ಸಾಪ್ ಕಾಲ್ ಇಲ್ಲಿ ಹೋಗಲ್ಲ, ಬೋಟಿಮ್ ಅನ್ನೋ ಕಾಲಿಂಗ್ ಆ್ಯಪ್ ಹಾಕ್ಕೊಳಿ, ಊರಿಗೂ ಇಲ್ಲಿಗೂ ಒಂದೂವರೆ ಗಂಟೆ ವ್ಯತ್ಯಾಸ, ಅಲ್ಲಿ ಎಂಟಕ್ಕೆ ಅಜ್ಜಿ ಪ್ರಾರ್ಥನೆಗೆ ಕೂತ್ರೆ ಇಲ್ಲಿ ಆರೂವರೆ, ಮಕ್ಕಳು ಎಚ್ಚರವಾಗೇ ಇರ್ತಾರೆ. ವಾಯ್ಸ್ ಮೆಸೇಜ್ ಹೋಗುತ್ತೆ, ಅದಕ್ಕೆ ಬೈಬಲಿನ 23ನೇ ಕೀರ್ತನೆ ಹೇಳಿ ಕಳ್ಸಿ ಅಂತ ಅಜ್ಜಿಗೆ ಇವತ್ತೇ ಹೇಳಿ, ತಡ ಮಾಡ್ಬೇಡಿ. ನಮ್ಮಮ್ಮ ಹೋಗಿ ಎರಡು ವರ್ಷ ಆಯ್ತು. "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಅವರ ದನಿ ಈಗ್ಲೂ ರಾತ್ರಿ ಮಲಗೋವಾಗ ಹಾಕ್ತೀವಿ. ಕೊನೇಲಿ ಅವರು ಅಡುಗೆಮನೆ ಕಡೆ ತಿರುಗಿ, ಹಾಲು ಉಕ್ತು ನೋಡೇ ಅಂದಿರೋದು ಕೂಡ ರೆಕಾರ್ಡ್ ಆಗಿದೆ, ಚಿಕ್ಕವನು ಕೀರ್ತನೆ ಬಾಯಿಪಾಠ ಹೇಳೋವಾಗ ಅದನ್ನೂ ಸೇರಿಸಿ ಹೇಳಿ ಆಮೆನ್ ಅಂತಾನೆ, ನಾವು ತಿದ್ದಿಲ್ಲ.