ಗುಜರಿ ಮಾನಿಟರ್, ಲವಂಗದೆಣ್ಣೆ, ಕಬ್ಬಾಳದ ಕಲ್ಲು: ಮನೇಲೇ ಖನಿಜ ಗುರುತಿಸಿದ ನನ್ನ ಅನುಭವ

ಮನೇಲೇ ಮೈಕ್ರೋಸ್ಕೋಪ್ ರೆಡಿ ಮಾಡ್ಕೊಂಡು ಥಿನ್ ಸೆಕ್ಷನ್ (ಸ್ಲೈಡಿಗೆ ಅಂಟಿಸಿ ಬೆಳಕು ದಾಟೋಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಪದರ) ನೋಡ್ತೀನಿ ಅಂದಾಗ ಜೊತೆಗೆ ಎಮ್ಮೆಸ್ಸಿ ಓದಿದವ್ರೆಲ್ಲ ನಕ್ಕಿದ್ರು. ಒಬ್ರಂತೂ "ಮೊದ್ಲು ಲಕ್ಷ ರೂಪಾಯಿ ಜೋಡಿಸ್ಕೋ, ಆಮೇಲೆ ಮಾತಾಡು" ಅಂದ್ಬಿಟ್ರು. ಈಗ ಅವ್ರೇ ಸ್ಲೈಡ್ ಮಾಡ್ಕೊಡು ಅಂತ ಕಲ್ಲು ಕಳಿಸ್ತಿದಾರೆ, ಅದಕ್ಕೇ ಬರೀತಿರೋದು. ಬೇಸಿಕ್ಸ್ ಗೊತ್ತಿದೆ ಅಂದ್ಕೊಂಡೇ ಬರೀತೀನಿ, ಹೊಸಬರಿಗೆ ಅಲ್ಲಲ್ಲಿ ಒಂದೊಂದು ಮಾತು.

ಮೈಕ್ರೋಸ್ಕೋಪು ರಕ್ತಪರೀಕ್ಷೆ ಲ್ಯಾಬಿಂದ ಬಂದ ಹಳೇದು, ಐದು ಸಾವಿರದ ಹತ್ರ ಆಯ್ತು. ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋದು) ಗುಜರಿ ಅಂಗಡೀಲಿ ಇನ್ನೂರಕ್ಕೋ ಏನೋ ತಂದ ಕೆಟ್ಟ ಮಾನಿಟರಿಂದ ಕಿತ್ತಿದ್ದು. ಹಾಳೆ ಬರುತ್ತೆ, ಅದರ ಗೋಂದು ಹೋಗಲ್ಲ, ಉಜ್ಜಿ ಉಜ್ಜಿ ಮೊದಲ್ನೇ ಹಾಳೆ ಪೂರ್ತಿ ಗೀರು. ಒಂದು ಚೂರು ಕಂಡೆನ್ಸರ್ (ಸ್ಲೈಡಿಗೆ ಬೆಳಕು ಕೂಡಿಸೋ ಲೆನ್ಸು) ಕೆಳಗೆ, ಅದು ಪೋಲರೈಸರ್; ಇನ್ನೊಂದು ಟ್ಯೂಬ್ ಒಳಗೆ, ಅದು ಅನಲೈಸರ್. ತಿರುಗೋ ಸ್ಟೇಜಿಗೆ ದೊಡ್ಡ ಬೇರಿಂಗ್ ಒಂದನ್ನ ಲೇತ್‌ನವರ ಹತ್ರ ತಗೊಂಡು ಹೋದ್ರೆ "ಸಾರ್, ಇದು ಯಾವ ಗಾಡಿದು?" ಅಂತ ಕೇಳಿದ್ರು, ಕೂಲಿ ಎಂಟುನೂರು. ಸೆಂಟರಿಂಗ್‌ಗೆ ಮೂರು ಸ್ಕ್ರೂ, ಡಿಗ್ರಿಗೆ ಪ್ರೊಟ್ರ್ಯಾಕ್ಟರ್ ಜೆರಾಕ್ಸು. ಪೋಲರೈಸರ್ ದಿಕ್ಕು ತಿಳಿಯೋಕೆ ಬಯೋಟೈಟ್ (ಕಪ್ಪು ಅಭ್ರಕ) ಸಾಕು, ಅದರ ಕ್ಲೀವೇಜ್ (ಖನಿಜ ಸಲೀಸಾಗಿ ಸೀಳೋ ದಿಕ್ಕು) ಗೆರೆ ಯಾವ ಕಡೆ ಇದ್ದಾಗ ತುಂಬಾ ಕಪ್ಪಾಗುತ್ತೋ ಅದೇ ದಿಕ್ಕು.

ಕೈ ಕೊಟ್ಟಿದ್ದು 40ಎಕ್ಸ್ ಲೆನ್ಸು. ಸ್ಲೈಡೇ ಇಲ್ದೆ ಎರಡು ಹಾಳೆ ಒಂದಕ್ಕೊಂದು ಅಡ್ಡ ಇಟ್ಟು ಕ್ರಾಸ್ ಮಾಡಿದ್ರೂ ಪೂರ್ತಿ ಕಪ್ಪಾಗಲ್ಲ, ಗಾಜಲ್ಲೇ ಸ್ಟ್ರೇನ್ (ಒಳಬಿಗಿತ) ಇದೆ. 10ಎಕ್ಸ್ ಚೆನ್ನಾಗಿ ಕಪ್ಪಾಗುತ್ತೆ, ಹಾಗಾಗಿ ಇಂಟರ್‌ಫಿಯರೆನ್ಸ್ ಫಿಗರ್ (ಹೆಚ್ಚು ಶಕ್ತಿಯ ಲೆನ್ಸಲ್ಲಿ ಖನಿಜ ಗುರುತಿಸೋಕೆ ನೋಡೋ ಬೆಳಕಿನ ಚಿತ್ರ) ಆಸೆ ಬಿಟ್ಟು ಅದರಲ್ಲೇ ಕೆಲಸ ಶುರು ಮಾಡ್ದೆ.

ದುಡ್ಡು, ತಾಳ್ಮೆ ಎರಡೂ ಕರಗಿದ್ದು ಸೆಕ್ಷನ್‌ಗೆ. ಮೊದ್ಲು ಹೊರಗೆ ಒಂದ್ಕಡೆ ಕೊಟ್ಟಿದ್ದೆ, ಸ್ಲೈಡಿಗೆ ನಾನೂರೋ ಐನೂರೋ, ತಿಂಗಳುಗಟ್ಟಲೆ ಸತಾಯಿಸಿ ಕೊನೆಗೆ ಕಳಿಸಿದ್ರಲ್ಲಿ ಬೆಣಚು ಕೆಂಪಗೆ ಹೊಳೀತಿತ್ತು (ಕ್ರಾಸ್ ಮಾಡಿದಾಗ ಕಾಣೋ ಬಣ್ಣ ದಪ್ಪದ ಜೊತೆ ಬದಲಾಗುತ್ತೆ), ಅಂದ್ರೆ 60 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹತ್ರ, ಇರಬೇಕಾದ್ದರ ಎರಡರಷ್ಟು ದಪ್ಪ! ಸರಿ ಅಂತ ಕಿಟಕಿ ಗಾಜಿನ ಮೇಲೆ ಕಾರ್ಬೊರಂಡಮ್ ಪುಡಿ ಹಾಕ್ಕೊಂಡು ನಾನೇ ಕೂತೆ. 220, 400, 600, 1000 ಗ್ರಿಟ್, ಒರಟಿಂದ ನುಣುಪಿಗೆ. ಮಳೆಗಾಲದಲ್ಲಿ ಆರಾಲ್ಡೈಟ್ ಸರಿಯಾಗಿ ಗಟ್ಟಿಯಾಗ್ದೆ ಕಲ್ಲೇ ಜಾರ್ತಿತ್ತು, ಬಿಸಿ ಮಾಡಿದ್ರೆ ಗುಳ್ಳೆ. ಎಲ್ಲಾ ಸರಿ ಹೋಗಿ 40 ಮೈಕ್ರಾನ್‌ಗೆ ಬಂದು ಬೆಣಚು ಹಳದಿ ಆಯ್ತು ಅಂತ ಖುಷಿ ಪಡೋಷ್ಟರಲ್ಲಿ ಇನ್ನೆರಡು ಸುತ್ತು ಉಜ್ಜಿದ್ರೆ ಅಂಚಿಂದ ಕಲ್ಲು ಮಾಯ, ಬರೀ ಗಾಜು. ಹೀಗೆ ಒಂದು ಡಬ್ಬ ಸ್ಲೈಡ್ ಹೋಯ್ತು. ಈಗ ಕೊನೆ 10 ಮೈಕ್ರಾನ್ ಹೇಗೆ ಇಳಿಸ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ಅದು ನನ್ನ ಹತ್ರಾನೇ ಇರ್ಲಿ. ಬೆಣಚು ಬೂದು ಬಿಳಿಗೆ ಬಂದು ಚೂರೇ ಚೂರು ಹಳದಿ ಛಾಯೆ ಉಳಿದಾಗ ನಿಲ್ಲಿಸಿ, ಅದಕ್ಕೆ ಮೊದ್ಲು ಬಣ್ಣ ನೋಡಿ ಯಾವ ಖನಿಜಕ್ಕೂ ಹೆಸರಿಡ್ಬೇಡಿ.

ಕನಕಪುರ ಹತ್ರದ ಕಬ್ಬಾಳದುರ್ಗದ ಕಲ್ಲೇ ಯಾಕಂದ್ರೆ, ಬೂದು ಬಣ್ಣದ ನೈಸ್ (ಪಟ್ಟೆಪಟ್ಟೆಯ ರೂಪಾಂತರ ಶಿಲೆ) ಅಲ್ಲಲ್ಲೇ ಚಾರ್ನೊಕೈಟ್ (ಹೈಪರ್‌ಸ್ತೀನ್ ಖನಿಜ ಇರೋ ಕಲ್ಲು) ಆಗಿರೋದನ್ನ 1960ರಲ್ಲಿ ಭೂವಿಜ್ಞಾನಿ ಪಿಚ್ಚಮುತ್ತು ಅವರು ತೋರಿಸಿದ ಜಾಗ ಅದು. ಎಣ್ಣೆ ಸವರಿದಂಗಿರೋ ಕಪ್ಪು ಹಸಿರು ತೇಪೆ, ಪಕ್ಕದಲ್ಲೇ ಬೂದು ನೈಸ್, ಎರಡೂ ಒಂದೇ ಸ್ಲೈಡಲ್ಲಿ ಬರೋಹಂಗೆ ಕುಯ್ದೆ. ನೈಸ್ ಕಡೆ ಕಡುಹಸಿರು ಹಾರ್ನ್‌ಬ್ಲೆಂಡ್, ಕ್ಲೀವೇಜ್ 56ಕ್ಕೆ 124 ಡಿಗ್ರಿ, ಕ್ರಾಸ್ ಮಾಡಿದ್ರೆ ಕಣ ಕಪ್ಪಾಗೋದು ಕ್ಲೀವೇಜ್ ಗೆರೆ ಓರೆ ಇದ್ದಾಗ, ಅಂದ್ರೆ ಓರೆ ಎಕ್ಸ್‌ಟಿಂಕ್ಷನ್. ತೇಪೆ ಕಡೆಗೆ ಸರಿಸಿ ಅನಲೈಸರ್ ತೆಗೆದು ಸ್ಟೇಜ್ ತಿರುಗಿಸ್ತಾ ಹೋದ್ರೆ ಒಂದು ಕಣ ತಿಳಿ ಗುಲಾಬಿಯಿಂದ ನಿಧಾನಕ್ಕೆ ತಿಳಿ ಹಸಿರಾಯ್ತು, ಮತ್ತೆ ತಿರುಗಿಸಿದ್ರೆ ಮತ್ತೆ ಗುಲಾಬಿ. ಕ್ಲೀವೇಜ್ ಹೆಚ್ಚುಕಮ್ಮಿ ಲಂಬಕೋನ, ಕ್ರಾಸ್ ಮಾಡಿದ್ರೆ ನೇರ ಎಕ್ಸ್‌ಟಿಂಕ್ಷನ್, ಬಣ್ಣ ಮೊದಲ್ನೇ ಆರ್ಡರ್ (ಬೂದಿಂದ ಕೆಂಪಿನವರೆಗಿನ ಮೊದಲ ಸುತ್ತು) ದಾಟಲ್ಲ. ಹೈಪರ್‌ಸ್ತೀನ್, ಡೌಟೇ ಇಲ್ಲ. ಮೊಬೈಲಲ್ಲಿ ವಿಡಿಯೋ ಮಾಡಿ ಆ ಲಕ್ಷ ರೂಪಾಯಿ ಸಾಹೇಬ್ರಿಗೆ ರಾತ್ರಿಯೇ ಕಳಿಸಿದೆ, ಬೆಳಿಗ್ಗೆ ಫೋನ್ ಬಂತು.

ಸೆಕ್ಷನ್ ಮಾಡೋ ತಾಕತ್ತಿಲ್ದಿದ್ದಾಗ ಕಲ್ಲಿನ ಪುಡೀನ ಎಣ್ಣೇಲಿ ಹಾಕಿ ನೋಡ್ತಿದ್ದೆ, ಅದೂ ಹೇಳ್ಬಿಡ್ತೀನಿ. ಗ್ರಂಥಿಗೆ ಅಂಗಡಿ ಲವಂಗದೆಣ್ಣೆಯ ಇಂಡೆಕ್ಸ್ (ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಂಕಿ) ಸುಮಾರು 1.53. ಫೋಕಸ್ ಮೇಲಕ್ಕೆತ್ತಿದ್ರೆ ಬೆಣಚಲ್ಲಿ ಬೆಕೆ ಗೆರೆ (ಕಣದ ಅಂಚಿನ ಬೆಳಕಿನ ಗೆರೆ, ಇಂಡೆಕ್ಸ್ ಜಾಸ್ತಿ ಇರೋ ಕಡೆ ಸರಿಯುತ್ತೆ) ಕಣದ ಒಳಕ್ಕೆ ಹೋಗುತ್ತೆ, ಪೊಟ್ಯಾಶ್ ಫೆಲ್ಡ್‌ಸ್ಪಾರಲ್ಲಿ ಹೊರಗೆ ಎಣ್ಣೆ ಕಡೆಗೆ. ಒಂದೇ ತೊಟ್ಟಲ್ಲಿ ಎರಡೂ ಬೇರೆ ಬೇರೆ! ಇನ್ನೂ ಮೇಲಿನ ಇಂಡೆಕ್ಸ್ ಬೇಕು ಅಂತ ದಾಲ್ಚಿನ್ನಿ ಎಣ್ಣೆ ತಂದ್ರೆ ಅದೂ ಲವಂಗದೆಣ್ಣೆ ಥರಾನೇ ನಡ್ಕೊಳ್ತು, ಕೇಳಿದ್ರೆ ಎಲೆ ಎಣ್ಣೆಯಂತೆ. ತೊಗಟೆ ಎಣ್ಣೆ ತರಿಸ್ದೆ, ಬೆಲೆ ಕೇಳಿ ಎದೆ ಧಸಕ್ ಅಂತು, ಆದ್ರೆ ಅದರಲ್ಲಿ ಬೆಣಚಿನ ಗೆರೆ ಹೊರಗೆ ಹೋಯ್ತು, ಅಂದ್ರೆ ಎಣ್ಣೆ ಅಸಲಿ. ರೆಡ್ ಪ್ಲೇಟ್ (ಬಣ್ಣದ ಏರಿಳಿತ ನೋಡೋಕೆ ಮಧ್ಯೆ ತೂರಿಸೋ ತುಣುಕು) ಬದಲು ಪ್ಯಾಕಿಂಗ್ ಟೇಪ್ ಪದರ ಪದರವಾಗಿ ಅಂಟಿಸಿ ಮೆಜೆಂಟಾ ತಂದಿದೀನಿ, ಯಾವ ಟೇಪು ಎಷ್ಟು ಪದರ ಅಂತ ನೀವೇ ಹುಡುಕಿ, ಮಜಾ ಇದೆ.

ಒಟ್ಟು ಖರ್ಚು ಒಡೆದಿದ್ದೆಲ್ಲ ಸೇರಿ ಹನ್ನೆರಡು ಸಾವಿರದ ಆಸುಪಾಸು. ಬೆಳಗಾವಿ ಕಡೆ ಬಸಾಲ್ಟ್ ಮಾತ್ರ ಇನ್ನೂ ಪೂರ್ತಿ ಬಗ್ಗಿಲ್ಲ, ಪ್ಲೇಜಿಯೊಕ್ಲೇಸ್ (ಇನ್ನೊಂದು ಬಗೆ ಫೆಲ್ಡ್‌ಸ್ಪಾರ್) ಕಡ್ಡಿಗಳು ನೀಟಾಗಿ ಕಾಣ್ತವೆ, ಮಧ್ಯದ ಸಣ್ಣ ಕಣ 10ಎಕ್ಸ್‌ಗೆ ಸಿಗಲ್ಲ. ಸ್ಟ್ರೇನ್ ಇಲ್ದಿರೋ 40ಎಕ್ಸ್ ಲೆನ್ಸ್ ಸೆಕೆಂಡ್ ಹ್ಯಾಂಡಲ್ಲಿ ಯಾರತ್ರಾದ್ರೂ ಇದ್ರೆ ಹೇಳಿ, ಎರಡು ಸಾವಿರದ ಮೇಲೆ ಕೊಡಲ್ಲ.